ಹಾಡು ಕೇಳುವ ಪ್ಲೇಯರ್: ಕೊಳ್ಳುವ ಮುನ್ನ



ಮೊಬೈಲ್ ಇರುವಾಗ ಎಂಪಿ3 ಪ್ಲೇಯರ್ ಯಾಕೆಂದು ಮಕ್ಕಳು ಕೇಳುತ್ತಾರೆ. ಗುಂಡಿ ಒತ್ತಿದರೆ ಹಾಡಬೇಕು, ನಡುವೆ ಕರೆ, ಜಾಹೀರಾತು ಬರಬಾರದು ಎನ್ನುವ ಹಿರಿಯರಿಗೆ ಅದೇ ಲೇಸು. ಡೆಂಕಣಿಕೋಟೆ ದಾಟಿ ಅಂಚೆಟ್ಟಿಯ ಕಾಡುದಾರಿ ಹಿಡಿದರೂ ನೆಟ್‌ವರ್ಕಿನ ಹಂಗಿಲ್ಲ.

ನಮ್ಮ ಕಡೆಯವರು ಮೊದಲು ನೋಡಬೇಕಾದ್ದು ಎಫ್‌ಎಂ ಇದೆಯೇ ಎಂದು. ಹೊಸೂರು ಬೆಂಗಳೂರಿಗೆ ಸುಮಾರು 40 ಕಿ.ಮೀ. ಅಷ್ಟೇ, ಆಕಾಶವಾಣಿಯ ಎಫ್‌ಎಂ ರೇನ್‌ಬೋ 'ಕನ್ನಡ ಕಾಮನಬಿಲ್ಲು' 101.3ರಲ್ಲಿ ಬರುತ್ತದೆ. ತಮಿಳುನಾಡಿನಲ್ಲಿ ಕೂತು ದಿನವೂ ಕನ್ನಡ ಕೇಳಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಕೃಷ್ಣಗಿರಿ ಕಡೆ ದೂರ ಹೆಚ್ಚಿ ದನಿ ಕ್ಷೀಣಿಸುತ್ತದೆ. ಸಣ್ಣ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಹೆಡ್‌ಫೋನಿನ ತಂತಿಯೇ ಆಂಟೆನಾ. ಆದ್ದರಿಂದ ಬ್ಲೂಟೂತ್ ಒಂದನ್ನೇ ನಂಬದೆ, 3.5 ಮಿ.ಮೀ. ತೂತು ಇರುವುದನ್ನೇ ಕೊಳ್ಳಿ. ತಂತಿಯನ್ನು ಸುತ್ತಿಡದೆ ಉದ್ದಕ್ಕೆ ಬಿಟ್ಟರೆ ಕರಕರ ಸದ್ದು ಕಡಿಮೆ.

ಮೆಮೊರಿ ಕಾರ್ಡ್ ಹಾಕುವಂತಿರಲಿ. ಸಾಧಾರಣ ಎಂಪಿ3 ಹಾಡು ನಿಮಿಷಕ್ಕೆ ಸುಮಾರು 1 ಎಂಬಿ; 32 ಜಿಬಿ ಕಾರ್ಡಿನಲ್ಲಿ ಐದು ನಿಮಿಷದ ಹಾಡುಗಳು ಸುಮಾರು 6,000 ಹಿಡಿಸುತ್ತವೆ.

ಅಗ್ಗದ ಪ್ಲೇಯರಿನಲ್ಲಿ ಕನ್ನಡ ಅಕ್ಷರ ಬರೀ ಚೌಕಗಳಾಗಿ ಕಾಣುವುದುಂಟು. ಕನ್ನಡ ಹೆಸರಿನ ಒಂದು ಫೈಲನ್ನು ಕಾರ್ಡಿನಲ್ಲಿ ಒಯ್ದು ಅಂಗಡಿಯಲ್ಲೇ ಹಾಕಿ ನೋಡಿ. ಮೂಡದಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ, 01, 02 ಎಂದು ಸಂಖ್ಯೆ ಕೊಟ್ಟು ಬರೆದುಕೊಳ್ಳಬೇಕು. ನಮಗೂ ಅದು ಒಗ್ಗದು. ಬೇಕಾದ ಹಾಡು ಸಿಗದಿದ್ದರೆ ಇನ್ನೂ ಕಷ್ಟ.

ಬಸ್ಸಿನ ಗದ್ದಲ ಮೀರಲು ಸದ್ದು ಏರಿಸಬೇಡಿ. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಮಿತಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಿವಿಗೆ ಒತ್ತಿ ಕೂರುವ ರಬ್ಬರ್ ಬಿರಡೆಯ ಇಯರ್‌ಫೋನ್ ಆದರೆ ಕಡಿಮೆ ಸದ್ದೇ ಸಾಕು. ರಸ್ತೆ ದಾಟುವಾಗ ಮಾತ್ರ ತೆಗೆದುಬಿಡಿ.