ಟೋಬಾ ಬೂದಿಯ ಕೆಳಗೂ ಮೇಲೂ

ಸುಮಾತ್ರಾದ ಟೋಬಾ ಜ್ವಾಲಾಮುಖಿ ಸುಮಾರು 74,000 ವರ್ಷಗಳ ಹಿಂದೆ ಸಿಡಿದು ಮನುಷ್ಯಕುಲವನ್ನೇ ಅಳಿವಿನಂಚಿಗೆ ತಳ್ಳಿತು ಎಂಬ ಕಥೆ ಸಾಕ್ಷ್ಯಚಿತ್ರಗಳಲ್ಲಿ ಇಂದಿಗೂ ಚೆನ್ನಾಗಿ ಓಡುತ್ತದೆ. ಕಥೆಗೆ ಬುಡವೇ ಇಲ್ಲವೆನ್ನಲಾಗದು. ಟೋಬಾ ಉಗುಳಿದ ಶಿಲಾದ್ರವ್ಯ ಸುಮಾರು 2,800 ಘನ ಕಿಲೋಮೀಟರ್. ನೆಲ ಕುಸಿದಲ್ಲಿ ಈಗ 100 ಕಿಲೋಮೀಟರ್ ಉದ್ದದ ಸರೋವರವಿದೆ. ಇದರೆದುರು ತೃಣಮಾತ್ರವಾದ ಫಿಲಿಪ್ಪೀನ್ಸ್‌ನ ಪಿನಟುಬೊ ಜ್ವಾಲಾಮುಖಿ ಕೂಡ 1991ರಲ್ಲಿ ಸಿಡಿದು ಭೂಮಿಯನ್ನು ಅರ್ಧ ಡಿಗ್ರಿಯಷ್ಟು ತಣಿಸಿತ್ತು. ಹೀಗಿರುವಾಗ, ಟೋಬಾ ತಂದ ಚಳಿಗಾಲವೇ ನಮ್ಮ ಪೂರ್ವಜರನ್ನು ಕೆಲವೇ ಸಾವಿರಕ್ಕೆ ಇಳಿಸಿತು, ನಮ್ಮ ವಂಶವಾಹಿಗಳಲ್ಲಿ ವೈವಿಧ್ಯ ಕಡಿಮೆಯಿರುವುದು ಅದರಿಂದಲೇ ಎಂದು 1998ರಲ್ಲಿ ಮಾನವಶಾಸ್ತ್ರಜ್ಞ ಸ್ಟ್ಯಾನ್ಲಿ ಆಂಬ್ರೋಸ್ ವಾದಿಸಿದಾಗ ಹಲವರು ತಲೆದೂಗಿದರು.

ಬೂದಿ ಬಿದ್ದ ಜಾಗಗಳನ್ನು ಅಗೆದವರಿಗೆ ಸಿಕ್ಕ ಚಿತ್ರ ಬೇರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ತಂಡ ಆಂಧ್ರದ ಜ್ವಾಲಾಪುರಂನಲ್ಲಿ (ಹೆಸರಿಗೂ ಟೋಬಾಕ್ಕೂ ಸಂಬಂಧವಿಲ್ಲ, ಕಾಕತಾಳೀಯ) ಟೋಬಾ ಬೂದಿಯ ದಪ್ಪ ಪದರದ ಕೆಳಗೂ ಮೇಲೂ ಕಲ್ಲಿನ ಆಯುಧಗಳನ್ನು ಕಂಡಿತು. 2007ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಎರಡೂ ಹೆಚ್ಚುಕಡಿಮೆ ಒಂದೇ ಕೈಚಳಕದವು. ಮಧ್ಯಪ್ರದೇಶದ ಸೋನ್ ಕಣಿವೆಯ ಧಾಬಾದಲ್ಲಿ 80,000ದಿಂದ 65,000 ವರ್ಷಗಳ ಹಿಂದಿನವರೆಗೆ ಆಯುಧಗಳ ಸರಣಿ ಕಡಿದಿಲ್ಲ. ದಕ್ಷಿಣ ಆಫ್ರಿಕಾದ ಪಿನಾಕಲ್ ಪಾಯಿಂಟ್‌ನಲ್ಲಂತೂ ಟೋಬಾದ ಗಾಜಿನ ಕಣಗಳು ಬಿದ್ದ ಮೇಲೂ ಬದುಕು ಏಳಿಗೆಯಲ್ಲೇ ಇತ್ತು.

ಕಲ್ಲಿನ ಮೇಲೆ ಮಾಡಿದವರ ಹೆಸರಿರುವುದಿಲ್ಲ, ಅವರು ನಮ್ಮ ಪ್ರಭೇದದವರೇ ಎಂಬುದಕ್ಕೆ ಭಾರತದಲ್ಲಿ ಮೂಳೆ ಎಲ್ಲಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಯಾವ ಪ್ರಭೇದದವರಾದರೂ ಬೂದಿಯಡಿ ಬದುಕುಳಿದಿದ್ದರೆ, ದೂರದ ಆಫ್ರಿಕಾದವರು ನಾಶವಾದರು ಎನ್ನುವುದು ಹೇಗೆ? ಇನ್ನು ಪದರದ ಒಂದೆರಡು ಇಂಚಿನಲ್ಲಿ ಶತಮಾನಗಳ ಶೂನ್ಯ ಅಡಗಿರಬಹುದು ಎನ್ನುವವರಿಗೆ ಆಫ್ರಿಕಾದ ಮಲಾವಿ ಸರೋವರದ ಕೆಸರೇ ಉತ್ತರ: ಅಲ್ಲಿ ಟೋಬಾ ಕಣಗಳಿವೆ, ಗಣನೀಯ ಚಳಿಯ ಗುರುತಿಲ್ಲ. ವಂಶವಾಹಿ ವೈವಿಧ್ಯವೂ ಆಫ್ರಿಕಾದಿಂದ ದೂರ ಹೋದಂತೆಲ್ಲ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತದೆ. ಸಣ್ಣ ಗುಂಪುಗಳು ಒಂದರಿಂದೊಂದು ಒಡೆದು ಮುಂದೆ ಹೋದರೆ ಹೀಗಾಗುತ್ತದೆ. ಒಂದೇ ಏಟಿಗೆ ಬಹುತೇಕರು ಸತ್ತರೆ ಇಂಥ ಇಳಿಜಾರು ಮೂಡದು.

ಆಫ್ರಿಕಾದಿಂದ ಹೊರಟ ಆ ಗುಂಪುಗಳ ವಲಸೆಯ ದಾರಿ ತೆರೆದು ಮುಚ್ಚಿದ್ದು ಟೋಬಾ ಅಲ್ಲ, ಹವಾಮಾನದ ನಿಧಾನದ ಏರಿಳಿತ. ಭೂಮಿಯ ಅಕ್ಷದ ಓಲಾಟದಿಂದ ಸುಮಾರು 20,000 ವರ್ಷಗಳಿಗೊಮ್ಮೆ ಮುಂಗಾರು ಬಲಗೊಂಡು ಸಹಾರಾ, ಅರೇಬಿಯಾಗಳಲ್ಲಿ ಹುಲ್ಲು, ಕೆರೆ ಕಾಣಿಸುತ್ತಿದ್ದವು. ಹಿಮಗಡ್ಡೆ ಬೆಳೆದಾಗ ಕಡಲು ಇಳಿಯುತ್ತಿತ್ತು, ಕೊನೆಯ ಹಿಮಯುಗದ ಉತ್ತುಂಗದಲ್ಲಿ ಸುಮಾರು 120 ಮೀಟರ್. ಆಗ ಸುಮಾತ್ರಾ, ಜಾವಾ, ಬೋರ್ನಿಯೊ ಏಷ್ಯಾದ ನೆಲಕ್ಕೆ ಅಂಟಿದ್ದವು. ಟೋಬಾದ ದ್ವೀಪದಲ್ಲೇ, ಲಿಡಾ ಅಜರ್ ಗುಹೆಯಲ್ಲಿ, ಆಧುನಿಕ ಮಾನವರ ಹಲ್ಲುಗಳು ದೊರೆತಿವೆ. ಅವುಗಳ ಕಾಲ 73,000ದಿಂದ 63,000 ವರ್ಷಗಳ ಹಿಂದೆ.