ಕಂಪ್ಯೂಟರಿನ ಎರಡು ಗಡಿಯಾರಗಳು

ಹೆಸರುಗಳ ಪಟ್ಟಿಯೊಂದನ್ನು ಅಕಾರಾದಿಯಾಗಿ ಜೋಡಿಸಲು ಯಂತ್ರಕ್ಕೆ ಎಷ್ಟು ಕಾಲ ಹಿಡಿಯುವದೆಂದು ಅಳೆದು ಬರೆಯುವದು ನಮ್ಮ ಕಂಪ್ಯೂಟರ್ ತರಗತಿಯ ಅಭ್ಯಾಸಗಳಲ್ಲೊಂದು. ಕೆಲಸಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಯಂತ್ರದಿಂದ ವೇಳೆಯನ್ನು ಕೇಳಿ, ಎರಡನೆಯದರಿಂದ ಮೊದಲನೆಯದನ್ನು ಕಳೆಯಬೇಕು. ಒಬ್ಬ ವಿದ್ಯಾರ್ಥಿನಿಯ ಪುಸ್ತಕದಲ್ಲಿ ಅನೇಕ ಉತ್ತರಗಳು ಸೊನ್ನೆಯಾಗಿದ್ದವು. ಒಂದಂತೂ ಸೊನ್ನೆಗಿಂತಲೂ ಕಡಿಮೆ. ಕೆಲಸವು ಆರಂಭಕ್ಕೆ ಮೊದಲೇ ಮುಗಿಯಿತೋ ಎಂದು ನಾವು ಗದರಿಸಿ, ಕೆಂಪು ಶಾಯಿಯ ಗೆರೆಯನ್ನೆಳೆದೆವು. ತಪ್ಪು ಅವಳದಾಗಿರಲಿಲ್ಲ. ಅದು ಹೇಗೆಂಬುದನ್ನು ಇಲ್ಲಿ ವಿವರಿಸುವೆವು.

ಕಂಪ್ಯೂಟರಿನೊಳಗೆ ಎರಡು ಬಗೆಯ ಗಡಿಯಾರಗಳುಂಟು. ಮೊದಲನೆಯದು ತಾರೀಖನ್ನೂ ಗಂಟೆಯನ್ನೂ ಹೇಳತಕ್ಕದ್ದು. ವಿಂಡೋಸ್ ವ್ಯವಸ್ಥೆಯಲ್ಲಿ ಇದು 1601ನೆಯ ಇಸವಿಯ ಜನವರಿ 1ರಿಂದ ಕಳೆದ ಕಾಲವನ್ನು ಸೆಕೆಂಡಿನ ಕೋಟಿಯಲ್ಲೊಂದು ಪಾಲಿನ ಮಾನದಲ್ಲಿ ಬರೆದಿಡುವದು. ಆದರೆ ಮಾನವು ಸೂಕ್ಷ್ಮವಾದ ಮಾತ್ರಕ್ಕೆ ಅಳತೆಯು ಸೂಕ್ಷ್ಮವಾಗದು. ರೂಢಿಯಾಗಿ ಆ ಅಂಕೆಯು ಸೆಕೆಂಡಿಗೆ 64 ಸಾರಿ, ಅಂದರೆ ಸುಮಾರು 15.6 ಮಿಲಿಸೆಕೆಂಡಿಗೊಮ್ಮೆ ಮಾತ್ರ ಮುಂದೆ ಹಾರುವದು. ನಿಮಿಷಕ್ಕೊಮ್ಮೆ ಮುಳ್ಳು ಜಿಗಿಯುವ ಗೋಡೆಗಡಿಯಾರದಿಂದ ಹತ್ತು ಸೆಕೆಂಡುಗಳ ಕೆಲಸವನ್ನು ಅಳೆಯಲಾದೀತೇ? ಎರಡು ಹಾರಿಕೆಗಳ ನಡುವೆ ಕೆಲಸವು ಮುಗಿದುಹೋದರೆ ಉತ್ತರವು ಸೊನ್ನೆಯೇ ಸರಿ. 2012ರಲ್ಲಿ ಬಂದ ವಿಂಡೋಸ್ 8ರಿಂದ ಇದೇ ವೇಳೆಯನ್ನು ಇನ್ನೂ ಸೂಕ್ಷ್ಮವಾಗಿ ಕೇಳುವ ಬೇರೊಂದು ಆಜ್ಞೆಯನ್ನು ಒದಗಿಸಿದ್ದಾರೆ.

ಆದರೂ ಇನ್ನೊಂದು ತೊಡಕು ಉಳಿಯುವದು. ಯಂತ್ರದ ವೇಳೆಯು ಸ್ವಲ್ಪ ಸ್ವಲ್ಪವಾಗಿ ತಪ್ಪುತ್ತಿರುವದರಿಂದ, ಅದನ್ನು ಜಾಲದ ಮೂಲಕ ಆಗಾಗ್ಗೆ ಸರಿಪಡಿಸುತ್ತಾರೆ. ಅಳತೆಯ ನಡುವೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ, ಉತ್ತರವು ಸೊನ್ನೆಗಿಂತ ಕಡಿಮೆಯಾಗುವದು.

ಎರಡನೆಯ ಗಡಿಯಾರವು ಬರಿಯ ಎಣಿಕೆಯ ಯಂತ್ರ. ತಾರೀಖು ಅದಕ್ಕೆ ತಿಳಿಯದು. ಆದರೆ ಅದು ಎಂದಿಗೂ ಹಿಂದೆ ಸರಿಯದು. ಈಚಿನ ವಿಂಡೋಸ್ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಕೋಟಿ ಎಣಿಸುವದು. ಪೈಥಾನ್ ಭಾಷೆಯಲ್ಲಿ ‘ಟೈಮ್’ ಎಂಬ ಆಜ್ಞೆಯು ಮೊದಲನೆಯ ಗಡಿಯಾರವನ್ನು ಕೇಳುವದು, 2012ರ 3.3ನೆಯ ಆವೃತ್ತಿಯಲ್ಲಿ ಸೇರಿದ ‘ಪರ್ಫ್ ಕೌಂಟರ್’ ಎಂಬುದು ಎರಡನೆಯದನ್ನು ಕೇಳುವದು. ಪತ್ರಕ್ಕೆ ತಾರೀಖು ಹಾಕುವದಕ್ಕೆ ಮೊದಲನೆಯದು ಬೇಕು. ಕೆಲಸದ ಅವಧಿಯನ್ನು ಅಳೆಯುವದಕ್ಕೆ ಎರಡನೆಯದೇ ತಕ್ಕದ್ದು. ಕೆಲಸವು ತೀರ ಚಿಕ್ಕದಾದರೆ ಅದನ್ನು ಸಾವಿರ ಸಾರಿ ಮಾಡಿಸಿ, ಒಟ್ಟು ಕಾಲವನ್ನು ಸಾವಿರದಿಂದ ಭಾಗಿಸುವದು ಮೇಲು.

ಇದನ್ನು ತಿಳಿದುಕೊಂಡ ಮೇಲೆ ನಾವು ಆ ವಿದ್ಯಾರ್ಥಿನಿಯನ್ನು ಕರೆದು, ತರಗತಿಯ ಮುಂದೆಯೇ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಆಗ ಅಂದವಾದ ಅಂಕೆಗಳನ್ನು ಬರೆದು ನಮ್ಮ ಮೆಚ್ಚಿಕೆಯನ್ನು ಪಡೆದಿದ್ದ ಕೆಲವರು ಎದ್ದುನಿಂತು, ತಮಗೂ ಸೊನ್ನೆಯೇ ಬಂದಿತ್ತೆಂದೂ ಅಂಜಿಕೆಯಿಂದ ಅದನ್ನು ತಿದ್ದಿದೆವೆಂದೂ ಹೇಳಿದರು. ಕಂಡದ್ದನ್ನು ಕಂಡಂತೆ ಬರೆದವಳನ್ನೇ ನಾವು ಗದರಿಸಿದ್ದೆವು. ತಂದೆತಾಯಿಗಳೇ, ನಿಮ್ಮ ಮಗಳ ಲೆಕ್ಕವು ವಿಚಿತ್ರವಾಗಿ ಕಂಡರೆ, ಅವಳು ಯಾವ ಗಡಿಯಾರವನ್ನು ಕೇಳಿದಳೆಂದು ಮೊದಲು ವಿಚಾರಿಸಿರಿ.