ಮಗುವಿನ ಊಟಕ್ಕೂ ಅಪ್ಪನ ಗ್ರೀನ್ ಕಾರ್ಡಿಗೂ ಏನು ಸಂಬಂಧ?

ಅಮೆರಿಕದಲ್ಲಿ ‘ಪಬ್ಲಿಕ್ ಚಾರ್ಜ್’ ಅಂತ ಒಂದು ನಿಯಮ ಇದೆ. ಸರ್ಕಾರಕ್ಕೆ ಹೊರೆ ಆಗ್ತಾರೆ ಅನ್ನಿಸಿದ ವಲಸಿಗರಿಗೆ ಗ್ರೀನ್ ಕಾರ್ಡ್ ಇಲ್ಲ. ಇದರ ಬೇರು 1882ರ ಕಾನೂನಿನಲ್ಲಿದೆ. ಮೊದಲೆಲ್ಲ ಮುಖ್ಯವಾಗಿ ನಗದು ನೆರವನ್ನಷ್ಟೇ ಲೆಕ್ಕಕ್ಕೆ ತಗೋತಿದ್ರು. 2020ರ ಫೆಬ್ರವರಿಯಲ್ಲಿ ಟ್ರಂಪ್ ಸರ್ಕಾರ ಆಹಾರ, ಚಿಕಿತ್ಸೆ, ಮನೆ ಬಾಡಿಗೆಯ ನೆರವನ್ನೂ ಸೇರಿಸಿತು.

ಅಲ್ಲೇ ಹುಟ್ಟಿ ಅಮೆರಿಕದ ಪ್ರಜೆಗಳಾದ ಮಕ್ಕಳು ಪಡೆದ ನೆರವು ಅಪ್ಪ-ಅಮ್ಮನ ಲೆಕ್ಕಕ್ಕೆ ಬರ್ತಿರಲಿಲ್ಲ. ಆದ್ರೂ ಎಷ್ಟೋ ಕುಟುಂಬಗಳು ಹೆದರಿ ಮಕ್ಕಳ ಹೆಸರನ್ನೂ ತೆಗೆಸಿದ್ವು. 2021ರ ಮಾರ್ಚಿನಲ್ಲಿ ಆ ನಿಯಮ ಹೋಯ್ತು, ಭಯ ಹೋಗಲಿಲ್ಲ.

ಇಂಥ ನಿಯಮವನ್ನ ವಿರೋಧಿಸೋಕೆ ಇದೇ ಕಾರಣ ಸಾಕು. ಕಾನೂನು ಮುಟ್ಟದ ಮಗುವಿನ ಊಟ, ಔಷಧಿಯನ್ನೂ ಅದರ ಭಯ ಕಿತ್ಕೊಳ್ಳುತ್ತೆ.